ಪ್ರತಿವಾದಿಯ ಯೋಗಕ್ಷೇಮ

ನಮ್ಮ ಮಾವ ತಮ್ಮ ನೆರಳನ್ನೂ ನಂಬುವುದಿಲ್ಲ ಎಂದು ಹುಣಸೂರಿನ ವಕೀಲರು ಆಡಿಕೊಳ್ಳುತ್ತಾರೆ. ಇದು ಶುದ್ಧ ಅಪಪ್ರಚಾರ! ನೆರಳು ಜೊತೆಗೆ ಬರುವುದರ ಬಗ್ಗೆ ಮಾವನಿಗೆ ಯಾವ ತಕರಾರೂ ಇಲ್ಲ. ಬೆಳಿಗ್ಗೆ ಅಷ್ಟುದ್ದ ಇದ್ದದ್ದು ಮಧ್ಯಾಹ್ನದ ಹೊತ್ತಿಗೆ ಯಾಕೆ ಗಿಡ್ಡವಾಗುತ್ತದೆ, ಉಳಿದ ಭಾಗ ಎಲ್ಲಿಗೆ ಹೋಯಿತು ಎಂಬುದಷ್ಟೇ ಅವರ ಪ್ರಶ್ನೆ.

ಮಾವ ಎಂದರೆ ನನ್ನ ಅಮ್ಮನ ಎರಡನೇ ಅಣ್ಣ, ಹುಣಸೂರು ಕೋರ್ಟಿನ ಹಿರಿಯ ವಕೀಲರು. ನಾನು ಅವರ ಜೂನಿಯರ್. ಮೊದಲ ಸಲ ಕರಿಕೋಟು ತೊಟ್ಟ ದಿನ ಕಾಲಿಗೆ ನಮಸ್ಕಾರ ಮಾಡಿದಾಗ ತಲೆಯ ಮೇಲೆ ಕೈಯಿಟ್ಟು, "ಯಾರನ್ನೂ ನಂಬಬ್ಯಾಡ ಕಣವ್ವ. ನನ್ನನ್ನೂವೆ" ಎಂದು ಹರಸಿದರು. ಹಾಗಾದರೆ ಈ ಹರಕೆಯನ್ನು ನಂಬಬೇಕೋ ಬೇಡವೋ? ಇವತ್ತಿಗೂ ನನಗೆ ಬಗೆಹರಿದಿಲ್ಲ.

ಆಫೀಸಿಗೆ ಬೀಗ ಹಾಕಿ ಮೂಲೆ ತಿರುಗುವಷ್ಟರಲ್ಲಿ ಮಾವನಿಗೆ ಬೀಗದ ಮೇಲೆ ಅನುಮಾನ. ವಾಪಸ್ಸು ಬಂದು ಜಗ್ಗಿ ನೋಡುತ್ತಾರೆ. ಆಮೇಲೆ ತಾವು ಜಗ್ಗಿದ್ದರ ಮೇಲೇ ಅನುಮಾನ ಬಂದು ನನ್ನನ್ನು ಕಳಿಸುತ್ತಾರೆ. ನಾನು ಸರಿಯಿದೆ ಎಂದರೆ ಮುಗಿಯಿತೇ? ಇಷ್ಟು ಬೇಗ ಬಂದೆಯಲ್ಲ, ನಿಜವಾಗಿ ಜಗ್ಗಿದೆಯಾ ಎಂದು ಕೇಳುತ್ತಾರೆ! ಕ್ಯಾಂಟೀನಿನವನು ಒಂದು ದಿನ ಚಹಾ ಸ್ವಲ್ಪ ಗಟ್ಟಿಯಾಗಿ ಕೊಟ್ಟರೆ ಅವನ ಮೇಲೆ ಯಾವುದಾದರೂ ಕೇಸಾಗಿದೆಯೇ ಎಂದು ವಿಚಾರಿಸುತ್ತಾರೆ. ಬಸ್ಸಿನ ಕಂಡಕ್ಟರ್ ನಗುನಗುತ್ತಾ "ಬನ್ನಿ ಸಾರ್, ಸೀಟೈತೆ" ಎಂದು ಕರೆದರೆ ಆ ಬಸ್ಸನ್ನು ಬಿಟ್ಟು ಅದರ ಹಿಂದೆ ಬರುವ ಬಸ್ಸು ಹತ್ತುತ್ತಾರೆ. ಕಾರಣ ಕೇಳಿದರೆ, ಸರ್ಕಾರಿ ಕಂಡಕ್ಟರ್ ನಗುತ್ತಾನೆಂದರೆ ಅದರ ಹಿಂದೆ ಏನೋ ಇರಲೇಬೇಕಂತೆ.

ಇಂಥ ಮನುಷ್ಯನಿಗೆ ವ್ಯಾಪಾರ ಕುಸಿದ ಕಾಲ ಎಂದರೆ ಹಬ್ಬವೇ ಸರಿ. ಎತ್ತ ನೋಡಿದರೂ ಅನುಮಾನಕ್ಕೆ ಆಸ್ಪದ! ಕೆಲವು ಕಾಲದಿಂದ ನಮ್ಮ ಕಡೆ ಎಲ್ಲವೂ ಸಪ್ಪಗಾಗಿದೆ. ಹೊಗೆಸೊಪ್ಪಿನ ದರ ಏಳಲಿಲ್ಲ. ಸೈಟು ಕೊಳ್ಳುವವರಿಲ್ಲ. ಗೊಬ್ಬರದಂಗಡಿಯವನು ಬಾಗಿಲಲ್ಲಿ ಕೂತು ಹೋಗಿಬರುವವರಿಗೆಲ್ಲ ನಮಸ್ಕಾರ ಹೇಳುತ್ತಾನೆ. ಜನರ ಕೈಯಲ್ಲಿ ದುಡ್ಡು ಆಡದಿದ್ದರೆ ಕೋರ್ಟಿನ ಅಂಗಳದಲ್ಲಿ ಜನ ಆಡುವುದಿಲ್ಲ. ಕಕ್ಷಿದಾರರು ಕಡಿಮೆಯಾದರು, ಜೆರಾಕ್ಸ್ ಅಂಗಡಿಯವನು ಮೆಷಿನ್ನಿನ ಪಕ್ಕದಲ್ಲಿ ಸೌತೆಕಾಯಿ ಮಾರಲು ಶುರುಮಾಡಿದ. ವಕೀಲರ ಸಂಘವೂ ಖರ್ಚಿಗೆ ಕತ್ತರಿ ಹಾಕಿತು. ಸಂಘದ ಕೊಠಡಿಗೆ ಬರುತ್ತಿದ್ದ ಪತ್ರಿಕೆಗಳೆಲ್ಲ ನಿಂತು ಒಂದೇ ಒಂದು ಉಳಿಯಿತು. ಬೇರೆಯವರು ನಿಂತುಹೋದವುಗಳಿಗಾಗಿ ಕೊರಗಿದರೆ ಮಾವ ಉಳಿದದ್ದನ್ನು ಕೈಯಲ್ಲಿ ಹಿಡಿದು, ಇದನ್ನೇ ಯಾಕೆ ಉಳಿಸಿಕೊಂಡರು ಎಂದು ಜಾಹೀರಾತು ಸಮೇತ ಓದಿ ಹುಡುಕಿದರು.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ವಕೀಲರ ನಡುವಿನ ಕ್ರಿಕೆಟ್ ಪಂದ್ಯವೂ ರದ್ದಾಯಿತು. ಆರ್ಥಿಕ ಪರಿಸ್ಥಿತಿ ಸರಿಯಿಲ್ಲದ ಕಾರಣ ಎಂದು ಸಂಘದ ಅಧ್ಯಕ್ಷರು ಘೋಷಿಸಿದರು. ಮಾವ ನನ್ನ ಕಿವಿಯ ಹತ್ತಿರ ಬಗ್ಗಿ, "ಪಿರಿಯಾಪಟ್ಟಣದೋರು ಸೋಲೋ ಭಯಕ್ಕೆ ಪರಿಸ್ಥಿತೀನೇ ಕೆಡಿಸ್ಬುಟ್ರು ಕಣ" ಎಂದರು.

ಆಮೇಲೆ ಬಿಸ್ಕತ್ತಿನ ವಿಷಯ. ಸಭೆಯ ಚಹಾದ ಜೊತೆ ಕೊಡುತ್ತಿದ್ದ ಬಿಸ್ಕತ್ತು ನಿಂತಾಗ, ಯಾವ ಠರಾವಿನ ಮೇಲೆ ನಿಲ್ಲಿಸಿದಿರಿ ಎಂದು ಮಾವ ಸರ್ವಸದಸ್ಯರ ಸಭೆಯಲ್ಲಿ ಎದ್ದು ನಿಂತರು. ಅಧ್ಯಕ್ಷರೇನು ಕಡಿಮೆಯೇ? ಕೊಡಲು ಶುರುಮಾಡಿದಾಗಲೂ ಠರಾವು ಆಗಿರಲಿಲ್ಲ ಎಂದರು. ಹಾಗಾದರೆ ಇಷ್ಟು ವರ್ಷ ತಿಂದದ್ದೆಲ್ಲ ಅಕ್ರಮವೋ ಎಂದು ಮಾವ ಕೇಳಿದ ಕೂಡಲೇ ಸಭೆ ಗಪ್‌ಚಿಪ್! ತಿನ್ನದವರು ಯಾರಿದ್ದರು ಅಲ್ಲಿ?

ಆದರೆ ಮಾವನನ್ನು ನಿಜಕ್ಕೂ ಕಂಗೆಡಿಸಿದ್ದು ಬಿಸ್ಕತ್ತಲ್ಲ, ರಾಜಿ. ಕೇಸು ನಡೆಸಲು ಕೈಲಾಗದೆ ಜನ ಒಂದಾಗತೊಡಗಿದ್ದರು. ಹಾವು ಮುಂಗುಸಿಯಂತಿದ್ದ ದಾಯಾದಿಗಳು ಒಂದೇ ಬೈಕಿನಲ್ಲಿ ಬಂದು ದಾವೆ ವಾಪಸ್ಸು ತೆಗೆದುಕೊಳ್ಳುತ್ತಿದ್ದರು. ಗುರುಪುರದ ಕಡೆಯ ಇಬ್ಬರು ಅಣ್ಣತಮ್ಮಂದಿರು ಬದುವಿನ ಜಗಳ ಬಿಟ್ಟೆವೆಂದು ಬಾಳೆಹಣ್ಣು ಹಿಡಿದು ಆಫೀಸಿಗೆ ಬಂದರು. ಮಾವ ಹಣ್ಣನ್ನು ಮುಟ್ಟಲಿಲ್ಲ. ಒಬ್ಬನನ್ನು ಒಳಗೆ, ಇನ್ನೊಬ್ಬನನ್ನು ಜಗಲಿಯಲ್ಲಿ ಕೂರಿಸಿ ಬೇರೆ ಬೇರೆಯಾಗಿ ವಿಚಾರಣೆ ನಡೆಸಿದರು. ಯಾರಾದರೂ ಹೆದರಿಸಿದರಾ? ಹೆಂಡತಿ ಕಡೆಯವರ ಒತ್ತಡವಾ? ಇಬ್ಬರೂ ಹೇಳಿದ್ದು ಒಂದೇ ಮಾತು, "ಸಾಕಾಗೋಯ್ತು ಸಾರ್." ಇಬ್ಬರ ಹೇಳಿಕೆಯೂ ಅಕ್ಷರಶಃ ಒಂದೇ ಇದ್ದದ್ದರಿಂದ ಮಾವನ ಅನುಮಾನ ಇನ್ನಷ್ಟು ಗಟ್ಟಿಯಾಯಿತು. ಯಾರೋ ಹೇಳಿಕೊಟ್ಟು ಕಳಿಸಿದ್ದಾರಂತೆ!

ಇದು ಗೊತ್ತಿದ್ದೂ ಸರಗೂರಿನ ಕಾನೂನು ಅರಿವು ಕಾರ್ಯಕ್ರಮಕ್ಕೆ ಭಾಷಣಕಾರರಾಗಿ ಮಾವನನ್ನು ಕರೆದವರು ಯಾರೋ ಪುಣ್ಯಾತ್ಮರು. ವಿಷಯ, ರಾಜಿಯ ಲಾಭಗಳು. ಮೈಕು ಕೈಗೆ ಸಿಕ್ಕಿದ್ದೇ ತಡ, ಎದುರಾಳಿ ರಾಜಿಗೆ ಬಂದರೆ ಅವನ ಒಳಗಿನ ಹುನ್ನಾರವನ್ನು ಪತ್ತೆಹಚ್ಚುವುದು ಹೇಗೆ ಎಂಬುದನ್ನು ಉದಾಹರಣೆ ಸಹಿತ ಬಿಡಿಸಿಟ್ಟರು. ಜನ ಬಾಯಿಬಿಟ್ಟುಕೊಂಡು ಕೇಳಿದರು. ರಾಜಿಗೆ ಒಪ್ಪಿ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದ ಬೀಗರಿಬ್ಬರು ಭಾಷಣ ಮುಗಿಯುವ ಹೊತ್ತಿಗೆ ಬೇರೆ ಬೇರೆ ಸಾಲಿನಲ್ಲಿದ್ದರು.

ಇಷ್ಟೆಲ್ಲ ಕೇಳಿದ ಮೇಲೆ ಮಾವನ ಸ್ವಂತ ದಾವೆಯ ವಿಷಯವನ್ನೂ ಹೇಳಿಬಿಡಬೇಕು. ಎದುರಾಳಿ ಬೇರೆ ಯಾರೂ ಅಲ್ಲ, ಒಡಹುಟ್ಟಿದ ಅಣ್ಣ. ನನ್ನ ದೊಡ್ಡಮಾವ.

ತಾತ ತೀರಿಕೊಂಡ ಮೇಲೆ ಕೆ.ಆರ್. ನಗರದ ಹತ್ತಿರದ ಊರಿನ ಗದ್ದೆ ತೋಟಗಳೆಲ್ಲ ತಕರಾರಿಲ್ಲದೆ ಭಾಗವಾದವು. ಹಳೇ ಆಲೆಮನೆ ಇದ್ದ ಜಾಗವೊಂದನ್ನು ಮಾತ್ರ ಎಲ್ಲರೂ ಮರೆತರು. ನೆನಪಾದ ದಿನ ಇಬ್ಬರೂ ತನ್ನದು ಎಂದರು. ಮಾತಿಗೆ ಮಾತು ಬೆಳೆಯಿತು, ಆಡಬಾರದ್ದನ್ನೆಲ್ಲ ಆಡಿದರು. ಮಾವ ದಾವೆ ಹಾಕಿದಾಗ ನಾನಿನ್ನೂ ಹೈಸ್ಕೂಲಿನಲ್ಲಿದ್ದೆ. ಈಗ ನಾನೇ ವಕೀಲೆಯಾಗಿ ಓಡಾಡುತ್ತಿದ್ದೇನೆ, ದಾವೆ ಇನ್ನೂ ನಡೆಯುತ್ತಿದೆ! ಆಲೆಮನೆ ಬಿದ್ದುಹೋಗಿ ಎಷ್ಟೋ ಕಾಲವಾಯಿತು. ಅಲ್ಲಿ ಈಗ ಬೆಳೆದಿರುವುದು ಪಾರ್ಥೇನಿಯಂ. ಯಾವ ವಕೀಲನನ್ನೂ ನಂಬದ ಮಾವ ತಮ್ಮ ಕೇಸನ್ನು ತಾವೇ ವಾದಿಸುತ್ತಾರೆ.

ಇಬ್ಬರ ನಡುವೆ ಮಾತು ಸಂಪೂರ್ಣ ಬಂದ್. ಮಧ್ಯೆ ಸಿಕ್ಕಿ ನಲುಗಿದ್ದು ನಮ್ಮಮ್ಮ. ಗೌರಿ ಹಬ್ಬಕ್ಕೆ ಇಬ್ಬರೂ ತಪ್ಪದೆ ತವರಿನ ಬಾಗಿನ ತರುತ್ತಾರೆ, ಆದರೆ ಒಬ್ಬರು ಬೆಳಿಗ್ಗೆ, ಇನ್ನೊಬ್ಬರು ಸಂಜೆ. ಅಣ್ಣಂದಿರಿಬ್ಬರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ ಒಬ್ಬಟ್ಟು ಬಡಿಸಬೇಕೆಂಬುದು ಅಮ್ಮನ ಒಂದೇ ಆಸೆ. ಪ್ರತಿವರ್ಷ ಒಬ್ಬಟ್ಟು ಬೇಯಿಸುವಾಗ ಅದನ್ನೇ ಹೇಳುತ್ತಾಳೆ, ಪ್ರತಿವರ್ಷ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾಳೆ. ನನಗೆ ಮಾವನ ಮೇಲೆ ಸಿಟ್ಟು ಬರುವುದು ಆಗಲೇ.

ಉಳಿದ ದಿನಗಳಲ್ಲಿ ಅಮ್ಮನಿಗೆ ದೊಡ್ಡಣ್ಣನ ಸುದ್ದಿ ಸಿಗುತ್ತಿದ್ದದ್ದು ಎಲ್ಲಿಂದ ಎನ್ನುತ್ತೀರಿ? ಫೋನಿನಲ್ಲಿ ದೊಡ್ಡಮಾವ "ಚೆನ್ನಾಗಿದೀನಿ" ಎಂಬ ಒಂದು ಮಾತು ಬಿಟ್ಟು ಇನ್ನೊಂದು ಆಡುವವರಲ್ಲ. ಸುದ್ದಿ ಬರುತ್ತಿದ್ದದ್ದು ಕೋರ್ಟಿನಿಂದ! ಕೆ.ಆರ್. ನಗರದಲ್ಲಿ ವಾಯಿದೆ ಇದ್ದ ದಿನ ಮಾವ ನುಣ್ಣಗೆ ಶೇವ್ ಮಾಡಿಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮೊದಲ ಬಸ್ಸಿಗೇ ಹೊರಡುತ್ತಾರೆ. ಸಂಜೆ ನೇರ ನಮ್ಮ ಮನೆಗೆ ಬಂದು ಅಮ್ಮನೆದುರು ವರದಿ ಒಪ್ಪಿಸುತ್ತಾರೆ. ಅಣ್ಣ ಎಂಬ ಪದ ಮಾತ್ರ ಬಾಯಲ್ಲಿ ಬರುವುದಿಲ್ಲ.

"ಪ್ರತಿವಾದಿ ಈ ಸಲ ಕುಂಟ್ತಾ ಬಂದ. ಜಡ್ಜ್ ಸಾಹೇಬ್ರಿಗೆ ಅಯ್ಯೋ ಅನ್ನಿಸ್ಬೇಕು ಅಂತ ನಾಟಕ ಇರ್ಬೇಕು" ಎನ್ನುತ್ತಿದ್ದರು. ಒಮ್ಮೆ ಪ್ರತಿವಾದಿ ಹೊಸ ಕನ್ನಡಕ ಹಾಕಿದ್ದಾನೆ, ದಾಖಲೆ ತಿದ್ದುವ ಯೋಚನೆಯಿರಬಹುದು ಎಂದರು. ಇನ್ನೊಮ್ಮೆ ಪ್ರತಿವಾದಿ ಬಿಸಿಲಲ್ಲಿ ನಿಂತಿದ್ದ, ಟವೆಲ್ ಕೂಡ ತಂದಿರಲಿಲ್ಲ ಎಂದು ಬೈದರು. ಅಮ್ಮ ಉಸಿರು ಬಿಗಿಹಿಡಿದು ಕೇಳುತ್ತಿದ್ದಳು. ತೆಳ್ಳಗಾಗಿದ್ದಾನಾ, ಊಟ ಮಾಡಿದ್ದನಾ ಎಂದು ಪಾಟೀಸವಾಲು ಹಾಕುತ್ತಿದ್ದಳು. ಎಲ್ಲದಕ್ಕೂ ಮಾವನ ಹತ್ತಿರ ಉತ್ತರವಿರುತ್ತಿತ್ತು! ಎದುರಾಳಿಯನ್ನು ಇಷ್ಟು ಕೂಲಂಕಷವಾಗಿ ಗಮನಿಸುವ ವಕೀಲರನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ.

ಹೀಗಿರುವಾಗ ಲೋಕ ಅದಾಲತ್ ಬಂತು. ಹಳೆಯ ದಾವೆಗಳನ್ನು ರಾಜಿಯಲ್ಲಿ ಮುಗಿಸಬೇಕೆಂದು ಎಲ್ಲ ತಾಲ್ಲೂಕಿನ ಸಂಘಗಳಿಗೂ ಸೂಚನೆ ಬಂದಿತ್ತು. ಕೆ.ಆರ್. ನಗರದ ಹಳೆಯ ದಾವೆಗಳ ಸಾಲಿನಲ್ಲಿ ಮಾವನದ್ದೇ ಮುಂದೆ. ವಕೀಲನೇ ರಾಜಿಯಾಗದಿದ್ದರೆ ಜನರಿಗೆ ಯಾವ ಮುಖದಲ್ಲಿ ಹೇಳುವುದು ಎಂದು ನಮ್ಮ ಅಧ್ಯಕ್ಷರು ದುಂಬಾಲು ಬಿದ್ದರು. ಮಾವ ಜಗ್ಗಲಿಲ್ಲ. ಕೊನೆಗೆ ಅಮ್ಮ ಬಂದು ಎದುರಿಗೆ ಕೂತಳು. "ನಾನಿನ್ನೆಷ್ಟು ಗೌರಿ ಹಬ್ಬ ಕಂಡೇನಣ್ಣಯ್ಯ" ಎಂದಳು, ಅಷ್ಟೇ. ಮಾವ, ಹೋಗಿ ನೋಡುತ್ತೇನೆ, ಆದರೆ ಸಹಿ ಹಾಕುವ ಮಾತು ಕೊಡುವುದಿಲ್ಲ ಎಂದರು. ನಮಗೆ ಅಷ್ಟೇ ಸಾಕಾಗಿತ್ತು.

ಆ ದಿನ ನಾನೂ ಅಮ್ಮನೂ ಅಧ್ಯಕ್ಷರೂ ಮಾವನ ಜೊತೆಗೇ ಹೊರಟೆವು. ದಾರಿಯಲ್ಲಿ ತಪ್ಪಿಸಿಕೊಂಡರೆ ಎಂಬ ಅನುಮಾನ ನಮಗೆ! ಅಧ್ಯಕ್ಷರು ಅಣ್ಣತಮ್ಮಂದಿರಿಗೆ ಹಾಕಿಸಲು ಎರಡು ಸೇವಂತಿಗೆ ಹಾರ ತಂದಿದ್ದರು. ಅದನ್ನು ನೋಡಿ ಮಾವ, ತೀರ್ಮಾನ ಆಗುವ ಮೊದಲೇ ಹಾರ ತಂದಿದ್ದಾರೆಂದರೆ ಎಲ್ಲ ಒಳಗೊಳಗೇ ಮುಗಿದಿದೆ ಎಂದು ಗೊಣಗಿದರು.

ನ್ಯಾಯಾಧೀಶರು ಇಬ್ಬರನ್ನೂ ಕರೆದು ಎದುರಿಗೆ ಕೂರಿಸಿದರು. ಜಾಗವನ್ನು ಸಮಪಾಲು ಮಾಡಿಕೊಳ್ಳಿ ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ದೊಡ್ಡಮಾವನೇ ಮಾತಾಡಿದರು. "ಪಾಲು ಏನೂ ಬ್ಯಾಡಿ ಸ್ವಾಮಿ. ಪೂರ್ತಿ ಅವನಿಗೇ ಬುಡ್ತೀನಿ. ಎಲ್ಲಿ ರುಜು ಹಾಕ್ಬೇಕು ಹೇಳಿ, ಹಾಕ್ಬುಡ್ತೀನಿ."

ಹಿಂದೆ ಗೋಡೆಯ ಪಕ್ಕ ನಿಂತಿದ್ದ ಅಮ್ಮ ಅಲ್ಲಿಂದಲೇ ಕೈಮುಗಿದಳು. ಅಧ್ಯಕ್ಷರು ಹಾರ ಬಿಡಿಸತೊಡಗಿದರು. ನ್ಯಾಯಾಧೀಶರ ಮುಖವೂ ಅರಳಿತು. ನನಗಂತೂ ಕುಣಿಯುವಷ್ಟು ಸಂತೋಷವಾಯಿತು. ಇಷ್ಟು ವರ್ಷದ ದಾವೆಯನ್ನು ಮಾವ ಪೂರ್ತಿ ಗೆದ್ದಿದ್ದರು!

ಮಾವನ ಮುಖ ಮಾತ್ರ ಬಿಳಿಚಿಕೊಂಡಿತ್ತು. ಅವರು ಪೆನ್ನು ಹಿಡಿದಿದ್ದ ದೊಡ್ಡಮಾವನ ಕೈಯನ್ನೇ ನೋಡುತ್ತಿದ್ದರು. ನಾವ್ಯಾರೂ ಆ ಕೈಯ ಕಡೆ ನೋಡಿರಲಿಲ್ಲ. ಅದರ ಮೇಲೆ ಸೂಜಿ ಚುಚ್ಚಿದ ಗುರುತುಗಳಿದ್ದವು. ಮಾವ ಕುರ್ಚಿ ಬಿಟ್ಟು ಎದ್ದರು. ಅಷ್ಟು ವರ್ಷದ ಮೇಲೆ ಮೊದಲ ಸಲ ಅಣ್ಣನ ಮುಖಕ್ಕೆ ಮುಖ ಕೊಟ್ಟು ಮಾತಾಡಿದರು.

"ಅಣ್ಣಯ್ಯ, ನೀನು ಬುಡೋ ಆಸಾಮಿ ಅಲ್ಲ. ಏನಾಗೈತೆ ನಿಂಗೆ?"

ದೊಡ್ಡಮಾವ ತಲೆ ಎತ್ತಲಿಲ್ಲ. ಏನೂ ಇಲ್ಲ, ಚೆನ್ನಾಗಿದ್ದೇನೆ ಎಂದರು. ಮಾವ ಬಿಡಲಿಲ್ಲ. ಜಗತ್ತನ್ನೇ ನಂಬದವರು ಆ ಮಾತನ್ನು ನಂಬುತ್ತಾರೆಯೇ? ಮತ್ತೆ ಮತ್ತೆ ಕೇಳಿದಾಗ ದೊಡ್ಡಮಾವ ಮೆಲ್ಲಗೆ ಹೇಳಿದರು. ಹೃದಯದ ತೊಂದರೆಯಂತೆ. ಮೈಸೂರಿನಲ್ಲಿ ಆಪರೇಷನ್ ಆಗಬೇಕು, ದಿನ ಗೊತ್ತಾಗಿದೆ. ತಂಗಿಗೆ ತಿಳಿದರೆ ಎದೆ ಒಡೆದುಕೊಳ್ಳುತ್ತಾಳೆಂದು ಹೇಳಿಲ್ಲ. "ವಯಸ್ಸಾಯ್ತಲ್ಲ. ಟೇಬಲ್ ಮೇಲೆ ಏನಾಯ್ತದೋ ಏನೋ. ಅದ್ಕೂ ಮುಂಚೆ ನಿನ್ನದನ್ನ ನಿಂಗೆ ಕೊಟ್‌ಬುಡಾನ ಅಂತ" ಎಂದರು.

ಅಮ್ಮ ಗೋಡೆ ಹಿಡಿದುಕೊಂಡಳು. ನಾನು ಅವಳನ್ನು ಹಿಡಿದುಕೊಂಡೆ. ಮಾವ ನ್ಯಾಯಾಧೀಶರ ಕಡೆ ತಿರುಗಿ, ಕೋಟಿನ ಗುಂಡಿ ಹಾಕಿಕೊಂಡು, ದಿನವೂ ವಾದಿಸುವ ದನಿಯಲ್ಲೇ ಶುರುಮಾಡಿದರು. ಮುಗಿಸುವಾಗ ಆ ದನಿ ಉಳಿದಿರಲಿಲ್ಲ.

"ಸ್ವಾಮಿ, ಈ ರಾಜಿಗೆ ನನ್ನ ಒಪ್ಪಿಗೆ ಇಲ್ಲ. ಕೇಸ್ ನಡೀಲಿ. ಆಪರೇಷನ್ ಆಗಿ ಅವನು ಎದ್ದು ಓಡಾಡೋ ಅಷ್ಟು ದಿನ ಬುಟ್ಟು ಒಂದು ವಾಯಿದೆ ಕೊಡಿ. ಅವತ್ತು ಪ್ರತಿವಾದಿ ಖುದ್ದಾಗಿ ಹಾಜರಾಗ್ಬೇಕು. ಯಾವ ಸಬೂಬೂ ನಡಿಯಾಕಿಲ್ಲ."

ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸಿಕೊಂಡು, ಆ ದಿನ ಬರುತ್ತೀರಾ ಎಂದು ದೊಡ್ಡಮಾವನನ್ನು ಕೇಳಿದರು. ದೊಡ್ಡಮಾವ ತಮ್ಮನನ್ನೇ ನೋಡುತ್ತಾ, "ಬತ್ತೀನಿ ಸ್ವಾಮಿ. ಬರ್ಲಿಲ್ಲ ಅಂದ್ರೆ ಇವನು ಬುಟ್ಟಾನಾ" ಎಂದರು.

ಕೋರ್ಟಿನ ಮೆಟ್ಟಿಲು ಇಳಿಯುವಾಗ ಮಾವ ದೊಡ್ಡಮಾವನ ರಟ್ಟೆಯನ್ನು ಭದ್ರವಾಗಿ ಹಿಡಿದುಕೊಂಡಿದ್ದರು. ನಾನು ನೋಡುತ್ತಿರುವುದು ಕಂಡು ಸಿಡುಕಿದರು. ಪ್ರತಿವಾದಿ ತಪ್ಪಿಸಿಕೊಂಡು ಹೋಗಬಾರದಲ್ಲ, ಅದಕ್ಕಂತೆ.