ಎ, ಬಿ, ಸಿ, ಡಿ ಮತ್ತು ನಮ್ಮ ಭಾವ

ನಮ್ಮ ಭಾವ ಈ ಭೂಮಿಯ ಮೇಲೆ ಯಾರನ್ನು ಬೇಕಾದರೂ ನಂಬುತ್ತಾರೆ, ಪಕ್ಕದ ಬೆಂಚಿನಲ್ಲಿ ಕೂತವರನ್ನು ಮಾತ್ರ ನಂಬುವುದಿಲ್ಲ! ಅಕ್ಕನ ಗಂಡ, ಕಾಲೇಜಿನಲ್ಲಿ ಗಣಿತದ ಮೇಷ್ಟರು. ಇಪ್ಪತ್ತು ಅಂಕದ ಸಣ್ಣ ಕ್ವಿಜ್ಜಿಗೂ ಎ, ಬಿ, ಸಿ, ಡಿ ಅಂತ ನಾಲ್ಕು ನಮೂನೆ ಪ್ರಶ್ನೆಪತ್ರಿಕೆ ಆಗಲೇಬೇಕು. ಒಮ್ಮೆ ಮನೆಯಲ್ಲಿ ಕೋಡುಬಳೆ ಡಬ್ಬಿ ಖಾಲಿಯಾದಾಗ ಇಬ್ಬರು ಮಕ್ಕಳನ್ನೂ ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ, ಬೇರೆ ಬೇರೆ ಕ್ರಮದಲ್ಲಿ ಪ್ರಶ್ನೆ ಕೇಳಿದ ಮಹಾನುಭಾವರು. ತಿಂದವಳು ನಮ್ಮಕ್ಕ. ಅವಳಿಗೆ ಪ್ರಶ್ನೆಪತ್ರಿಕೆಯನ್ನೇ ಕೊಟ್ಟಿರಲಿಲ್ಲ!

ಬೋಗಾದಿಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಇಲವಾಲದಿಂದ ಬರಿಗೈಯಲ್ಲಿ ಬಂದು, ಹಳೇ ಮಷೀನೊಂದನ್ನು ಮೂರು ದಿನ ಚೌಕಾಸಿ ಮಾಡಿ ಕೊಂಡವಳು ನಾನು. ಮಾರಿದವನು ಈಗಲೂ ನನ್ನನ್ನು ಕಂಡರೆ ರಸ್ತೆ ದಾಟುತ್ತಾನೆ. (ನೀವೂ ಕೊಳ್ಳುವುದಾದರೆ ಬಾಗಿಲು ಹಾಕುವ ಹೊತ್ತಿಗೆ ಹೋಗಿ. ಆಗ ಮಾರುವವರು ಮೆತ್ತಗಾಗಿರುತ್ತಾರೆ.) ಭಾವನ ಪತ್ರಿಕೆಗಳೆಲ್ಲ ನನ್ನಲ್ಲೇ ಅಚ್ಚಾಗುವುದು.

ಅವರು ಬರೆಯುವುದು ಲೇಟೆಕ್ ಎಂಬುದರಲ್ಲಿ. ನಾವು ನೀವು ಟೈಪ್ ಮಾಡಿದ ಹಾಗಲ್ಲ. ಕಂಪ್ಯೂಟರಿಗೆ ಆಜ್ಞೆಗಳನ್ನು ಬರೆದಿಟ್ಟು ಗುಂಡಿ ಒತ್ತಿದರೆ ಪುಟ ತಯಾರಾಗಿ ಬರುತ್ತದೆ. ಆಜ್ಞೆಗಳ ಗಂಟಿಗೆ ಮ್ಯಾಕ್ರೋ ಅಂತ ಹೆಸರು. ಭಾವನ ಮ್ಯಾಕ್ರೋ ಪ್ರಶ್ನೆಗಳನ್ನೂ ಆಯ್ಕೆಗಳನ್ನೂ ಇಸ್ಪೀಟಿನ ಎಲೆಯಂತೆ ಕಲಸಿ ನಾಲ್ಕು ನಮೂನೆ ಮಾಡುತ್ತದೆ, ಜೊತೆಗೆ ಸರಿಯುತ್ತರಗಳ ಪಟ್ಟಿಯನ್ನೂ ಕೊಡುತ್ತದೆ. ಮೊದಲ ಸಲ ಕಲಸಿದಾಗ 'ಮೇಲಿನ ಎಲ್ಲವೂ' ಎಂಬ ಆಯ್ಕೆ ಎಲ್ಲಕ್ಕಿಂತ ಮೇಲೆ ಹೋಗಿ ಕೂತಿತ್ತು!

"ಭಾವ, ಇದರ ಮೇಲಿರೋದು ಪ್ರಶ್ನೆ, ಅದರ ಮೇಲೆ ಕಾಲೇಜಿನ ಹೆಸರು. ಅದೇ ಉತ್ತರವಾ?"

"ಸುಮ್ನಿರಮ್ಮ. ಮ್ಯಾಕ್ರೋಲಿ ಏನೋ ತಪ್ಪಿದೆ, ಹುಡುಕ್ತಾ ಇದೀನಿ."

ಹುಡುಕಿದರು, ಎರಡು ದಿನ. ಕೈಯಲ್ಲಿ ಬರೆದಿದ್ದರೆ ಅಷ್ಟರಲ್ಲಿ ನಲವತ್ತು ನಮೂನೆ ಆಗುತ್ತಿರಲಿಲ್ಲವೇ?

ಕಳೆದ ತಿಂಗಳ ಕ್ವಿಜ್ಜಿನ ದಿನ ಬೆಳಿಗ್ಗೆ ಲ್ಯಾಪ್‌ಟಾಪ್ ಹಿಡಿದು ಬಂದರು. ಸರಿಯುತ್ತರಗಳ ಪಟ್ಟಿಯನ್ನು ಮೊದಲು ಅಚ್ಚು ಹಾಕಿಸಿ ಜೇಬಿಗಿಟ್ಟುಕೊಂಡರು. ಆಮೇಲೆ ಪ್ರಶ್ನೆಪತ್ರಿಕೆ ತೆರೆದರೆ, ಮೂರನೇ ಹಾಳೆಯಲ್ಲಿ ಬರೀ ಎರಡು ಸಾಲು! ನನ್ನ ಹೊಟ್ಟೆ ಉರಿಯಿತು.

"ಎರಡು ಸಾಲಿಗೆ ಒಂದು ಹಾಳೆಯಾ ಭಾವ? ಅಂಚು ಒಂಚೂರು ಕಮ್ಮಿ ಮಾಡಿ ಇನ್ನೊಂದು ಸಲ ಒತ್ಬುಡಿ."

ಒತ್ತಿದರು. ಅರವತ್ತು ಮಕ್ಕಳಿಗೆ ಅರವತ್ತು ಹಾಳೆ ಉಳಿಯಿತು. ಆ ದಿನವೆಲ್ಲ ನನ್ನ ಜಾಣತನಕ್ಕೆ ನಾನೇ ಬೀಗಿದ್ದೇ ಬೀಗಿದ್ದು!

ಪ್ರಶ್ನೆಪತ್ರಿಕೆಯಲ್ಲೇ ಟಿಕ್ ಹಾಕುವ ಪರೀಕ್ಷೆ. ಭಾವ ಜೇಬಿನ ಪಟ್ಟಿ ನೋಡಿ ತಿದ್ದಿ ಹಂಚಿದರು. ತರಗತಿಗೇ ಮೊದಲು ಬರುವ ಹುಡುಗನಿಗೆ ಇಪ್ಪತ್ತಕ್ಕೆ ಎರಡು! ಯಾವತ್ತೂ ನಾಲ್ಕು ದಾಟದ ಹುಡುಗಿಯೊಬ್ಬಳಿಗೆ ಹನ್ನೆರಡು! ಆಕೆ ಕುಣಿಯುತ್ತಲೇ ನನ್ನ ಅಂಗಡಿಗೆ ಬಂದಳು.

"ಅಕ್ಕ, ಕಲರ್ ಜೆರಾಕ್ಸ್ ಬೇಕು. ಅಮ್ಮಂಗೆ ಕೊಡೋಕೆ."

"ಜೆರಾಕ್ಸ್ ಯಾಕಮ್ಮ? ಅಸಲನ್ನೇ ಲ್ಯಾಮಿನೇಷನ್ ಮಾಡಿಸ್ಬುಡು. ನೀರು ಬಿದ್ರೂ ಏನಾಗಲ್ಲ."

ಸಲಹೆ ಕೊಡುವುದರಲ್ಲಿ ನನ್ನ ಕೈ ಯಾವಾಗಲೂ ಮುಂದು.

ಸಂಜೆ ಭಾವ ಬಂದು ಮತ್ತೆ ಮ್ಯಾಕ್ರೋ ಬಿಚ್ಚಿಕೊಂಡು ಕೂತರು. "ಎಲ್ಲೋ ಒಂದು ಬ್ರಾಕೆಟ್ ಬಿಟ್ಟೋಗಿದೆ ಕಣಮ್ಮ."

"ಎಲ್ರಿಗೂ ಹದಿನೈದು ಹಾಕ್ಬುಡಿ ಭಾವ. ಯಾರು ಕೇಳ್ತಾರೆ?"

"ಕಲ್ತೋರ್ಗೂ ಹದಿನೈದು, ಕಲೀದೋರ್ಗೂ ಹದಿನೈದಾ? ಆಮೇಲೆ ನಾನ್ಯಾಕೆ ಪಾಠ ಮಾಡ್ಲಿ?"

ಅವರು ಬ್ರಾಕೆಟ್ಟುಗಳನ್ನು ಮೂರು ಸಲ ಎಣಿಸಿದ ಮೇಲೆ ನಾನೇ ಬಾಯಿಬಿಟ್ಟೆ. "ಅಂಚು ಕಮ್ಮಿ ಮಾಡಿದ್ಮೇಲೆ ಉತ್ತರದ ಪಟ್ಟಿ ಇನ್ನೊಂದ್ಸಲ ತೆಗೆದ್ರಾ?"

ಭಾವ ನನ್ನ ಮುಖ ನೋಡಿದರು. ಗುಂಡಿ ಒತ್ತಿದಾಗಲೆಲ್ಲ ಆ ಮ್ಯಾಕ್ರೋ ಎಲ್ಲವನ್ನೂ ಹೊಸದಾಗಿ ಕಲಸುತ್ತಿತ್ತು! ಜೇಬಿನಲ್ಲಿದ್ದದ್ದು ಹಳೇ ಕಲಸಿನ ಉತ್ತರ, ಮಕ್ಕಳ ಕೈಯಲ್ಲಿದ್ದದ್ದು ಹೊಸ ಕಲಸಿನ ಪ್ರಶ್ನೆ. ಇನ್ನೊಂದು ಸಲ ಒತ್ತಿಸಿ ಅರವತ್ತು ಹಾಳೆ ಉಳಿಸಿದ ಜಾಣೆ ಯಾರು? ಹೇಳಬೇಕೇ?

ಮರುದಿನ ಪತ್ರಿಕೆಗಳನ್ನೆಲ್ಲ ವಾಪಸು ತರಿಸಿ, ನನ್ನ ಅಂಗಡಿಯ ಬೆಂಚಿನಲ್ಲೇ ಕೂತು ಒಂದೊಂದನ್ನೂ ಕೈಯಲ್ಲಿ ತಿದ್ದಿದರು. ಮೊದಲಿನ ಹುಡುಗ ಹತ್ತೊಂಬತ್ತಕ್ಕೆ ಏರಿದ. ಕೊನೆಗೆ ಆ ಹುಡುಗಿ ತಾನೇ ತನ್ನ ಪತ್ರಿಕೆ ಹಿಡಿದು ಬಂದಳು. ಭಾವನ ಕೆಂಪು ಪೆನ್ನು ಪ್ಲಾಸ್ಟಿಕ್ಕಿನ ಮೇಲೆ ಸರ್ರನೆ ಜಾರಿತು.

"ಇದನ್ನ ಲ್ಯಾಮಿನೇಷನ್ ಮಾಡಿದ ಪುಣ್ಯಾತ್ಮರು ಯಾರು?"

ನಾನು ಮಷೀನಿನ ಹಿಂದೆ ಬಗ್ಗಿ ಜೋಡಿಸಿದ್ದ ಪೇಪರನ್ನೇ ಮತ್ತೆ ಜೋಡಿಸತೊಡಗಿದೆ.

ಪ್ಲಾಸ್ಟಿಕ್ಕಿನ ಮೇಲಿಂದಲೇ ಬೆರಳಿಟ್ಟು ಎಣಿಸಿದರು. ಐದು.

"ಅಮ್ಮ ಗೋಡೆಗೆ ಹಾಕಿದ್ರು ಸಾರ್," ಅಂದಳು ಹುಡುಗಿ. "ಪಕ್ಕದ್ಮನೆಯೋರ್ನೆಲ್ಲ ಕರೆದು ತೋರಿಸಿದ್ರು."

ಭಾವ ರಿಜಿಸ್ಟರಿನಲ್ಲಿ ಐದು ಅಂತಲೇ ಬರೆದರು. ಆಮೇಲೆ ಆ ಪತ್ರಿಕೆಯನ್ನು ತಮ್ಮ ಅಂಗಿಯ ತೋಳಿನಿಂದ ಒರೆಸಿ ಅವಳ ಕೈಗೇ ಕೊಟ್ಟರು. "ತಪ್ಪು ನಂದು ಕಣಮ್ಮ. ಅಮ್ಮಂಗೆ ನಾನೇ ಬಂದು ಹೇಳ್ತೀನಿ. ಇದು ಗೋಡೆ ಮೇಲೇ ಇರ್ಲಿ. ಮುಂದಿನ ಸಲಕ್ಕೆ ನಿಜ ಮಾಡೋಣ."

ಈಗ ಭಾವನ ಮ್ಯಾಕ್ರೋದಲ್ಲಿ ಐದನೇ ನಮೂನೆಯೊಂದಿದೆ. ಶನಿವಾರ ಶನಿವಾರ ಎರಡೇ ಪ್ರತಿ, ಎರಡೂ ಒಂದೇ ಥರ, ಕಲಸುವಂತೆಯೇ ಇಲ್ಲ. ನನ್ನ ಅಂಗಡಿಯ ಬೆಂಚಿನಲ್ಲಿ ಆ ಹುಡುಗಿ ಒಂದನ್ನು ಬಿಡಿಸುತ್ತಾಳೆ. ಪಕ್ಕದಲ್ಲೇ ಕೂತು ಇನ್ನೊಂದನ್ನು ಬಿಡಿಸುತ್ತಾರೆ ನಮ್ಮ ಭಾವ, ತಮ್ಮ ಹಾಳೆ ಅವಳಿಗೆ ಕಾಣುವ ಹಾಗೆ ಸ್ವಲ್ಪ ವಾರೆಯಾಗಿ ಹಿಡಿದುಕೊಂಡು.