ಹೊಸನಗರದಲ್ಲಿ ಇಳಿದ ತತ್ತ್ವಶಾಸ್ತ್ರ

ಸೀತಾರಾಮಪ್ಪ ಮೇಷ್ಟ್ರಿಗೆ ಹೆಂಡತಿಯ ಮೇಲಿದ್ದ ದೂರು ಒಂದೇ. ಬದುಕಿಡೀ ತತ್ತ್ವಶಾಸ್ತ್ರ ಕಲಿಸಿ ನಿವೃತ್ತರಾದ ತಮ್ಮೊಡನೆ ಸಂಸಾರ ಮಾಡಿಯೂ ಶೇಷಮ್ಮನವರಿಗೆ ಆ ಶಾಸ್ತ್ರದ ಒಂದು ಶಾಖೆಯ ಹೆಸರೂ ತಿಳಿಯದು! ಅಂದು ತೀರ್ಥಹಳ್ಳಿಯ ಕಾಲೇಜೊಂದರಲ್ಲಿ ಹೊಸ ವಿದ್ಯಾರ್ಥಿಗಳಿಗೆ ಮೇಷ್ಟ್ರ ಉಪನ್ಯಾಸವಿತ್ತು. ನಿವೃತ್ತಿಯ ಮೇಲೆ ಬಂದ ಮೊದಲ ಕರೆ. ಒಂದು ವಾರದಿಂದ ನೆಲದ ಮೇಲೆ ಕಾಲಿರಲಿಲ್ಲ. ತಂಗಿಯ ಮನೆಗೆಂದು ಶೇಷಮ್ಮನವರೂ ಜೊತೆಗೆ ಹೊರಟಿದ್ದರು. ಸಾಗರದಿಂದ ಬಸ್ಸು ಹೊರಟದ್ದೇ ತಡ, ಮೇಷ್ಟ್ರು ಅವರ ಮೇಲೆ ತಾಲೀಮು ಆರಂಭಿಸಿದರು.

"ಜಗತ್ತಿನಲ್ಲಿ ನಿಜವಾಗಿ ಏನಿದೆ ಅಂತ ಕೇಳೋದು ತತ್ತ್ವಮೀಮಾಂಸೆ. ಇದೆ ಅಂತ ಹೇಗೆ ಗೊತ್ತು ಅಂತ ಕೇಳೋದು ಜ್ಞಾನಮೀಮಾಂಸೆ. ತಪ್ಪದೆ ಯೋಚಿಸೋದು ತರ್ಕ. ಹೇಗೆ ನಡ್ಕೋಬೇಕು ಅನ್ನೋದು ನೀತಿ. ಚಂದ ಅಂದ್ರೆ ಏನು ಅನ್ನೋದು ಸೌಂದರ್ಯಮೀಮಾಂಸೆ. ತಿಳೀತಾ?"

"ಅದಿರ್ಲಿ ಮಾರಾಯ್ರೆ, ಹಾಲಿನ ಒಲೆ ಆರಿಸಿದ್ರಾ?"

"ಆರಿಸಿದ್ದೀನಿ."

"ಹೇಗೆ ಗೊತ್ತು?"

ಮೇಷ್ಟ್ರಿಗೆ ರೋಮಾಂಚನವಾಯಿತು. (ಇಷ್ಟು ವರ್ಷಗಳಲ್ಲಿ ಹೆಂಡತಿ ಕೇಳಿದ ಮೊದಲ ಶಾಸ್ತ್ರೀಯ ಪ್ರಶ್ನೆ!) "ಗುಂಡಿ ತಿರುಗಿಸಿದ್ದು ನೆನಪಿದೆ."

"ಅದು ಇವತ್ತಿನ ನೆನಪೋ, ನಿನ್ನೇದೋ?"

ಹೊಸನಗರ ಸಮೀಪಿಸುವಷ್ಟರಲ್ಲಿ ಮೇಷ್ಟ್ರ ಕಣ್ಣಮುಂದೆ ಹಾಲು ಉಕ್ಕಿ, ಪಾತ್ರೆ ಸೀದು, ಅಡುಗೆಮನೆ ಯಜ್ಞಕುಂಡವಾಗಿತ್ತು. ಪಕ್ಕದ ಮನೆಯ ವಾಸಪ್ಪನಿಗೆ ಫೋನು ಮಾಡಿದರು.

"ಹೊಗೆ ಗಿಗೆ ಎಂತದೂ ಕಾಣ್ತಿಲ್ಲ ಮೇಷ್ಟ್ರೇ," ಎಂದ ವಾಸಪ್ಪ.

"ಸಾಕಲ್ಲ?" ಎಂದರು ಶೇಷಮ್ಮ.

"ಸಾಲದು! ಹೊಗೆ ಇಲ್ಲ, ಆದ್ದರಿಂದ ಬೆಂಕಿ ಇಲ್ಲ ಅನ್ನೋದು ತರ್ಕದೋಷ. ಗ್ಯಾಸಿನ ಬೆಂಕಿಗೆ ಹೊಗೆ ಎಲ್ಲಿದೆ?"

ಬಸ್ಸು ಹೊಸನಗರದಲ್ಲಿ ನಿಂತಿತ್ತು. ಕಂಡಕ್ಟರನಿಗೆ ತಾಳ್ಮೆ ಮುಗಿದಿತ್ತು. "ಮೇಷ್ಟ್ರೇ, ಹಾಲು ಇಳಿಸ್ತೀರೋ, ನೀವೇ ಇಳೀತೀರೋ? ರೈಟ್ ಹೇಳ್ಬೇಕು."

ಮೇಷ್ಟ್ರು ಇಳಿದೇಬಿಟ್ಟರು, ಫೋನನ್ನು ಸೀಟಿನಲ್ಲೇ ಮರೆತು. "ಮುಂದಿನ ಬಸ್ಸಿಗೆ ಬರ್ತಾರೆ ಅಂತ ಕಾಲೇಜಿನಲ್ಲಿ ಹೇಳು!" ಎಂಬ ಕೂಗು ಮಾತ್ರ ಕಿಟಕಿಯಿಂದ ಒಳಬಂತು.

ಸಾಗರಕ್ಕೆ ಮರಳಿ, ಏದುಸಿರು ಬಿಡುತ್ತ ಮನೆ ಮುಟ್ಟಿ ಜೇಬಿಗೆ ಕೈಹಾಕಿದರು. ಬೀಗದ ಕೈ ಶೇಷಮ್ಮನವರ ಚೀಲದಲ್ಲಿ ತೀರ್ಥಹಳ್ಳಿಯತ್ತ ಹೊರಟುಹೋಗಿತ್ತು! ಅಡುಗೆಮನೆಯ ಮುಚ್ಚಿದ ಮಬ್ಬುಗಾಜಿನ ಕಿಟಕಿಗೆ ಮೂಗು ಒತ್ತಿ ನಿಂತರು. ಒಳಗೆ ಒಲೆ ಇತ್ತು, ಅಷ್ಟು ಖಚಿತ. ಉರಿಯುತ್ತಿತ್ತೇ? ಅದನ್ನು ಪರಬ್ರಹ್ಮನೇ ಬಲ್ಲ.

ಬಹಳ ಹೊತ್ತಿನ ಮೇಲೆ ವಾಸಪ್ಪ ತನ್ನ ಫೋನು ಹಿಡಿದು ಬಂದ. ಅತ್ತ ಕಡೆ ಶೇಷಮ್ಮ.

"ರೀ, ಒಲೆ ನಾನೇ ಆರಿಸಿದ್ದೆ."

"ಮತ್ತೆ ನನ್ನನ್ನು ಕೇಳಿದ್ದು ಯಾಕೆ?"

"ನೀವು ಮುಟ್ಟದೆ ಇರೋ ಒಲೇನ 'ಆರಿಸಿದ್ದೀನಿ' ಅಂದ್ರಲ್ಲ, ಆ ಸುಳ್ಳು ಎಲ್ಲಿತನಕ ಓಡ್ತದೆ ನೋಡುವಾ ಅಂತ. ಹೇಳ್ಬೇಕು ಅನ್ನೋದ್ರೊಳಗೆ ಹಾರಿದ್ರಿ."

"ನನ್ನ ಉಪನ್ಯಾಸ?" ಮೇಷ್ಟ್ರ ದನಿ ಕ್ಷೀಣಿಸಿತು.

"ಪಾಪ, ಮಕ್ಕಳು ಕಾದು ಕೂತಿದ್ವು. ನೀವು ಯಾಕೆ ಬರ್ಲಿಲ್ಲ ಅಂತ ಬಸ್ಸಿನ ಕಥೆ ಹೇಳಿದೆ. ಕಥೆ ಚಂದ ಇದೆ, ಐದೂ ಶಾಖೆ ತಿಳೀತು ಅಂತ ಚಪ್ಪಾಳೆ ಹೊಡೆದ್ವು. ಶಾಲೂ ಹೊದಿಸಿದ್ರು. ಮುಂದಿನ ವಾರ ಇನ್ನೊಂದು ಪಾಠ ಮಾಡ್ಬೇಕಂತೆ."

ಮೇಷ್ಟ್ರಿಗೆ ಹೋದ ಜೀವ ಬಂತು. "ಒಪ್ಪಿಕೊಂಡೆಯಾ?"

"ಒಪ್ಕೊಂಡೆ. ಆವತ್ತು ನೀವು ಮನೇಲೇ ಇರಿ ಮಾರಾಯ್ರೆ. ನಾನು ಪಾಠ ಮಾಡ್ತಿರುವಾಗ ಒಲೆ ಚಿಂತೆ ಬರ್ಬಾರ್ದು."