ಹಸಿ ಟೈಲ್ಸಿನ ಮೇಲೆ ಹಾಕಿದ ತಾಳ

ಮರ್ಯಾದೆ ಕಳೆದುಕೊಳ್ಳಲು ಮನುಷ್ಯನಿಗೆ ದೊಡ್ಡ ಜಾಗವೇನೂ ಬೇಕಾಗಿಲ್ಲ. ಐದಡಿಗೆ ಏಳಡಿಯ ಬಚ್ಚಲು ಸಾಕು. ಇದನ್ನು ನಾನು ಯಾರ ಬಾಯಿಂದಲೋ ಕೇಳಿ ಹೇಳುತ್ತಿಲ್ಲ. ಹೊಸಪೇಟೆಯ ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ಮೇಷ್ಟ್ರು ನಾನು. ಒಡೆದ ಕಿಟಕಿ ಗಾಜಿನ ಮುಂದೆ ನಿಂತು "ಯಾರು ಮಾಡಿದ್ದು? ತಾನಾಗಿ ಎದ್ದು ನಿಂತರೆ ಏನೂ ಅನ್ನುವುದಿಲ್ಲ" ಎಂದು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಎದ್ದು ನಿಂತವರನ್ನು ಏನೂ ಅನ್ನದೆ ಬಿಟ್ಟದ್ದು ಮಾತ್ರ ನೆನಪಿಲ್ಲ. ಅದಕ್ಕೇ ಇರಬೇಕು, ನನ್ನ ಸರದಿ ಬಂದಾಗ ನಾನೂ ಏಳಲಿಲ್ಲ.

ನಮ್ಮ ಬಚ್ಚಲಿಗೆ ಟೈಲ್ಸ್ ಹಾಕಿದವನು ಗಾದಿಗನೂರಿನ ಹುಲುಗಪ್ಪ ಮೇಸ್ತ್ರಿ. ಗೋಡೆ ಮುಗಿಸಿ, ನೀರು ತಾನಾಗಿ ಮೂಲೆಯ ತೂತಿನ ಜಾಲಿಯ ಕಡೆ ಹರಿಯುವಂತೆ ವಾಟ ಕೊಟ್ಟು ನೆಲವನ್ನೂ ಮುಗಿಸಿದ. ಹೊರಡುವಾಗ ನನ್ನನ್ನೇ ಕರೆದು, "ನಾಳಿ ಸಂಜೀತನ ಯಾರೂ ಒಳಗ ಕಾಲ ಇಡಬ್ಯಾಡ್ರಿ ಸಾರ್. ಬೆಕ್ಕು ಬಂದ್ರೂ ಓಡಸ್ರಿ" ಎಂದ. ನಾನು ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತೆ. ಬೆಕ್ಕು ಬಂತು, ಓಡಿಸಿದೆ. ಅಷ್ಟರಲ್ಲಿ ಹೆಂಡತಿ ಶಾಂತಾ ಸಂತೆಗೆ ಹೋದಳು. ಇಲ್ಲಿ ನಿಮಗೊಂದು ಗುಟ್ಟು ಹೇಳಬೇಕು: ನನಗೆ ಹಾಡುವ ಹುಚ್ಚು. ಮನೆಯಲ್ಲಿ ನಾನು ಬಾಯಿ ತೆರೆದರೆ ಶಾಂತಾ ಮಿಕ್ಸಿ ಹಚ್ಚುತ್ತಾಳೆ. ಅರೆಯಲು ಏನೂ ಇಲ್ಲದಿದ್ದರೂ ಹಚ್ಚುತ್ತಾಳೆ. ಅವತ್ತು ಹೊಸ್ತಿಲಲ್ಲಿ ಕೂತವನು ಸುಮ್ಮನೆ ಒಮ್ಮೆ ಕೆಮ್ಮಿದೆ. ಆ ನುಣುಪು ಗೋಡೆಗಳು ನನ್ನ ಕೆಮ್ಮನ್ನು ಎಷ್ಟು ತುಂಬುದನಿಯಲ್ಲಿ ವಾಪಸ್ ಕೊಟ್ಟವೆಂದರೆ, ಇದು ನನ್ನದೇನಾ ಎಂದು ಅನುಮಾನವಾಯಿತು. ಕೆಮ್ಮೇ ಹೀಗಿದ್ದರೆ ಹಾಡು ಹೇಗಿರಬೇಡ? ಒಂದು ಕಾಲು ಒಳಗಿಟ್ಟೆ, ಆಮೇಲೆ ಇನ್ನೊಂದು. ನಟ್ಟನಡುವೆ ನಿಂತು ಪೂರ್ತಿ ಒಂದು ಹಾಡು ಹಾಡಿದೆ. ಹಾಡುವಾಗ ನನ್ನ ಬಲಗಾಲು ತಾನಾಗಿಯೇ ತಾಳ ಹಾಕುತ್ತದೆ, ಅದು ಹುಟ್ಟುಗುಣ.

ಮರುದಿನ ಸಂಜೆ ಶಾಂತಾಳ ಅಣ್ಣ ಕಂಪ್ಲಿಯಿಂದ ಬಂದರು. ಅಲ್ಲಿ ರೈಸ್ ಮಿಲ್ ಇಟ್ಟುಕೊಂಡಿರುವ ಭಾವ ಹೊಸ ಮನೆ ಕಟ್ಟಿಸುತ್ತಿದ್ದರು, ಅದರಲ್ಲಿ ನಾಲ್ಕು ಬಚ್ಚಲು. ನಮ್ಮ ಬಚ್ಚಲಿನ ಕೆಲಸ ಕಣ್ಣಾರೆ ನೋಡಿ ಅವನ್ನೂ ಹುಲುಗಪ್ಪನಿಗೇ ಕೊಡುವುದೆಂದು ಮಾತಾಗಿತ್ತು. "ಅದೊಂದು ಸಿಕ್ರ ದುಡಿಯಾಕ ಗೋವಾಕ್ಕ ಹೋಗೋದು ತಪ್ಪತೈತ್ರಿ, ಮನಿ ಮಂದಿ ಜೊತಿ ಇರಬಹುದು" ಎಂದು ಅವನು ವಾರದಿಂದ ಹೇಳುತ್ತಿದ್ದ. ಎಲ್ಲರ ಮುಂದೆ ಒಂದು ಬಕೀಟು ನೀರು ಸುರಿದ. ನೀರು ವಿಧೇಯವಾಗಿ ಜಾಲಿಗೆ ಹೋಯಿತು. ಆದರೆ ನಡುವೆ ಮಾತ್ರ, ಅಕ್ಕಪಕ್ಕದಲ್ಲಿ, ಎರಡು ಕಡೆ ನಿಂತುಬಿಟ್ಟಿತು.

"ಏನಪಾ ಮೇಸ್ತ್ರಿ, ಎಲ್ಡು ಕೆರಿ ಕಟ್ಟೀಯಲ್ಲ?" ಎಂದರು ಭಾವ.

ಹುಲುಗಪ್ಪ ಬಗ್ಗಿ ಬೆರಳಿಟ್ಟು ನೋಡಿದ. ಆಮೇಲೆ ನನ್ನ ಪಾದಗಳನ್ನು ನೋಡಿದ. ನಾನು ಮೇಲೆ ಸೂರು ನೋಡಿದೆ, ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ. "ನಂದ ತಪ್ಪಾಗೇತ್ರಿ ಸಾವ್ಕಾರ. ನಾಳಿ ಎಬ್ಬಿಸಿ ಕೂಡಸ್ತೀನಿ" ಎಂದ. "ಒಂದು ಬಚ್ಚಲದಾಗ ಹಿಂಗಾದ್ರ ನಾಕು ಹೆಂಗ ಕೊಡ್ಲಿ? ಬ್ಯಾಡ ಬಿಡು" ಎಂದರು ಭಾವ. ನಾನು ಎದ್ದು ನಿಲ್ಲಬೇಕಾಗಿದ್ದ ಗಳಿಗೆ ಅದು. ಬಾಯಿ ತೆರೆದೆ ಕೂಡ. "ಚಹಾ ಕುಡಿಯೋಣ ಬರ್ರಿ" ಎಂಬ ಮಾತು ಹೊರಗೆ ಬಂತು. ನೆನೆದರೆ ಈಗಲೂ ಮುಖ ಎಲ್ಲಿಡಲಿ ಅನ್ನಿಸುತ್ತದೆ.

ಬೆಳಿಗ್ಗೆ ಅವನು ಆ ಎರಡು ಟೈಲ್ಸ್ ಎಬ್ಬಿಸುತ್ತಿದ್ದಾಗ ನಾನೇ ಚಹಾ ಒಯ್ದೆ. ತಲೆ ಎತ್ತದೆ ಹೇಳಿದ: "ಎಡಗಡಿದು ಸ್ವಲ್ಪ ಇಳದೈತ್ರಿ ಸಾರ್. ಬಲಗಡಿದು ಭಾಳ ಇಳದೈತಿ, ಅದೂ ಮುಂದಿನ ಅಂಚು. ಸುಮ್ಕ ನಿಂತ ಕಾಲು ಹಿಂಗ ಇಳಸಂಗಿಲ್ಲ." ನಾನು ಬಕೀಟು ಬೋರಲು ಹಾಕಿ, ಅದರ ಮೇಲೆ ಕೂತು, ಹಾಡು, ತಾಳ ಎಲ್ಲವನ್ನೂ ಒಪ್ಪಿಸಿದೆ.

"ನಂಗ ನಿನ್ನೇನ ಗೊತ್ತಾತ್ರಿ" ಎಂದ.

"ಮತ್ತ ಯಾಕ ಹೇಳಲಿಲ್ಲ ಹುಲುಗಪ್ಪ?"

"ಹೆಣ್ಣು ಕೊಟ್ಟ ಮನಿಯೋರ ಮುಂದ ಹೆಂಗ ಹೇಳ್ಲಿ ಸಾರ್? ಟೈಲ್ಸ್ ಆದ್ರ ಎಬ್ಬಿಸಿ ಕೂಡಸಬಹುದು."

ತಕ್ಷಣ ಭಾವನಿಗೆ ಫೋನ್ ಮಾಡಿದೆ. ಇದ್ದದ್ದು ಇದ್ದಹಾಗೆ ಹೇಳುವುದೆಂದೇ ಹೊರಟಿದ್ದೆ. "ಮೇಸ್ತ್ರಿದೇನೂ ತಪ್ಪಿಲ್ಲ, ಹಸಿ ನೆಲದ ಮೇಲೆ ಕಾಲಿಟ್ಟವನು ನಾನೇ" ಎನ್ನುವವರೆಗೆ ಸರಿಯಾಗಿತ್ತು. "ಯಾಕ ಹೋಗಿದ್ರಿ?" ಎಂದು ಕೇಳಿಬಿಟ್ಟರು. "ನಲ್ಲಿ ಸೋರ್ತಿತ್ತು, ಬಂದ್ ಮಾಡಾಕ" ಎಂದೆ. ಭಾವನ ದನಿ ಆರ್ದ್ರವಾಯಿತು. "ಮಾಸ್ತರ, ತಪ್ಪು ಒಪ್ಪಿಕೊಳ್ಳಾಕ ದೊಡ್ಡ ಮನಸ್ಸು ಬೇಕ್ರಿ. ಮೇಸ್ತ್ರೀನ ನಾಳೇನ ಕಳಸ್ರಿ" ಎಂದರು. ಫೋನ್ ಇಟ್ಟು ತಿರುಗಿದರೆ ಹಿಂದೆ ಶಾಂತಾ. "ಆ ಬಚ್ಚಲಕ್ಕ ಇನ್ನೂ ನಲ್ಲೀನ ಕೂಡಿಸಿಲ್ಲಲ್ರಿ" ಎಂದಳು. ಅವಳು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ಒಳಗೆ ಹೋಗಿ ಮಿಕ್ಸಿ ಹಚ್ಚಿದಳು.

ಎರಡು ತಿಂಗಳ ಮೇಲೆ ಕಂಪ್ಲಿಗೆ ಹೋದಾಗ ಭಾವ ಬಂದವರಿಗೆಲ್ಲ ನನ್ನ ದೊಡ್ಡ ಮನಸ್ಸಿನ ಕಥೆ ಹೇಳುತ್ತಿದ್ದರು. ಒಬ್ಬ ಹಿರಿಯರಂತೂ ಕೈಮುಗಿದರು, ನಾನೂ ಮುಗಿದೆ. ನಾಲ್ಕು ಬಚ್ಚಲೂ ಮುಗಿದಿದ್ದವು. ಎಲ್ಲಿ ನೀರು ಸುರಿದರೂ ಒಂದು ಹನಿ ನಿಲ್ಲದೆ ಜಾಲಿಗೆ ಓಡುತ್ತಿತ್ತು. ಹೊಸ್ತಿಲ ಆಚೆಯೇ ನಿಂತಿದ್ದ ನನ್ನನ್ನು ಹುಲುಗಪ್ಪ ನಗುತ್ತ ಕರೆದ: "ಒಳಗ ಬರ್ರಿ ಸಾರ್. ಹಾಕಿ ಹದಿನೈದು ದಿನ ಆತು, ಗಟ್ಟಿ ಆಗೇತಿ. ತಾಳ ಹಾಕಿದ್ರೂ ಏನೂ ಆಗಂಗಿಲ್ಲ."

"ತಾಳ ಯಾಕೋ?" ಎಂದರು ಭಾವ. ಹುಲುಗಪ್ಪ ಬಟ್ಟೆ ತೆಗೆದುಕೊಂಡು ಆಗಲೇ ಒರೆಸಿದ್ದ ಗೋಡೆಯನ್ನು ಮತ್ತೆ ಒರೆಸತೊಡಗಿದ. ಎಲ್ಲರೂ ನನ್ನ ಕಡೆ ನೋಡಿದರು. ನಾನು ಸುಮ್ಮನೆ ಒಮ್ಮೆ ಕೆಮ್ಮಿದೆ. ಆ ಕೆಮ್ಮು ನಾಲ್ಕೂ ಗೋಡೆಗೆ ತಾಗಿ ಎಷ್ಟು ಚೆನ್ನಾಗಿ ವಾಪಸ್ ಬಂತೆಂದರೆ, ನೋಡಿಕೊಳ್ಳುವಷ್ಟರಲ್ಲಿ ನನ್ನ ಬಲಗಾಲಿನ ಮುಂಭಾಗ ಆಗಲೇ ಮೇಲೆದ್ದಿತ್ತು.